ನೊರೆ ಒರೆಸುವ ಕೈ

ನಮ್ಮ ಭಾವನ ಮಾತು ಬಂದರೆ ಜನ ಮೊದಲು ಅವರ ಬಲಗೈಯನ್ನು ಹೊಗಳುತ್ತಾರೆ. ಕ್ಷೌರದ ಕತ್ತಿ ಹಿಡಿದ ಕೈ ಅದು, ಹೊಗಳಿಸಿಕೊಳ್ಳಲಿ. ಆದರೆ ಅವರ ಬದುಕನ್ನು ಹಾಳು ಮಾಡಿದ್ದು ಎಡಗೈ, ಅದರಲ್ಲೂ ಮಣಿಕಟ್ಟಿನಿಂದ ಮೊಣಕೈವರೆಗಿನ ಒಂದು ಗೇಣು ಚರ್ಮ. ನಾನು ಬರೆಯುತ್ತಿರುವುದು ಆ ಒಂದು ಗೇಣಿನ ವಿಷಯ. ತಾಳ್ಮೆ ಇಲ್ಲದವರು ಈಗಲೇ ಪುಟ ಮಗುಚಬಹುದು, ನನಗೇನೂ ಬೇಜಾರಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಸಲೂನು ಅವರಪ್ಪನ ಕಾಲದ್ದು. ಒಳಗೆ ಎರಡು ಕುರ್ಚಿ, ಎದುರಿಗೆ ಗೋಡೆಯುದ್ದಕ್ಕೂ ಕನ್ನಡಿ, ಹಿಂದೆ ಕಾಯುವವರಿಗೆ ಒಂದು ಬೆಂಚು. ಬಾಗಿಲ ಪಕ್ಕದ ಕುರ್ಚಿಗೆ ಬೆಳಕು ಚೆನ್ನಾಗಿ ಬೀಳುತ್ತದೆ. ಅದು ಮೊದಲನೇ ಕುರ್ಚಿ, ಅಪ್ಪ ಹೋದ ಮೇಲೆ ಭಾವನದು. ಒಳಗಿನದು ಅವರ ತಮ್ಮನದು. ಸಲೂನಿನ ಗೋಡೆಗೆ ಅಂಟಿಕೊಂಡು ನನ್ನ ಬೀಗ ರಿಪೇರಿ ಅಂಗಡಿ. ಅಂಗಡಿ ಎಂದರೆ ಒಂದು ಮೇಜು, ಮೇಲೊಂದು ತಗಡು. ನನಗೆ ಗಿರಾಕಿಗಳು ಕಡಿಮೆ, ಕಿವಿ ಮಾತ್ರ ಬಲು ಚುರುಕು. ಸಲೂನಿನಲ್ಲಿ ಯಾರು ಸೀನಿದರೂ ನನಗೆ ಗೊತ್ತಾಗುತ್ತದೆ.

ಆ ಮನೆಯವರಿಗೊಂದು ಪದ್ಧತಿ ಇದೆ. ಗಡ್ಡ ಹೆರೆಯುವಾಗ ಕತ್ತಿಗೆ ಮೆತ್ತಿದ ನೊರೆಯನ್ನು ಬೇರೆ ಕಡೆ ಕಾಗದದ ಚೂರಿಗೆ ಒರೆಸುತ್ತಾರೆ. ಇವರು ಒರೆಸುವುದು ತಮ್ಮದೇ ಎಡಗೈ ಮೇಲೆ. ಅವರಪ್ಪ ಹಾಗೆ ಕಲಿಸಿದ್ದರು. ಕಾಗದಕ್ಕೆ ಒರೆಸಬೇಕಾದರೆ ಕಣ್ಣು ಗಿರಾಕಿಯ ಮುಖ ಬಿಟ್ಟು ಆಚೆ ಹೋಗಬೇಕು, ಸ್ವಂತ ಕೈ ಎಲ್ಲಿದೆ ಎಂದು ಯಾರೂ ಹುಡುಕಬೇಕಾಗಿಲ್ಲ. ಜೊತೆಗೆ, ಕೂದಲು ಬುಡದಿಂದ ಬಂತೋ ಅರ್ಧಕ್ಕೇ ತುಂಡಾಯಿತೋ ಎಂಬುದು ನೊರೆ ಮೆತ್ತಿದ ಚರ್ಮಕ್ಕೆ ತಿಳಿಯುತ್ತದಂತೆ. "ಕಾಗದಕ್ಕೇನ್ ಗೊತ್ತಾಗತ್ತೆ?" ಎಂದು ಭಾವ ಕೇಳುತ್ತಿದ್ದರು. ಒಂದು ಗೀಟು ಎಳೆಯುವುದು, ಕೈಗೆ ಒರೆಸುವುದು, ಮತ್ತೊಂದು ಗೀಟು. ನೋಡುತ್ತಾ ಕೂತವರಿಗೆ ಅರೆನಿದ್ದೆ ಬರುತ್ತಿತ್ತು. ಮುಖ ಒಪ್ಪಿಸಿದವರಂತೂ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು.

ದಿನವಿಡೀ ಸೋಪು, ಗಡ್ಡ ಮುಗಿದ ಮೇಲೆ ಮುಖಕ್ಕೆ ಹಚ್ಚುವ ಪಟಿಕದ ನೀರು, ಊರವರ ಗಡ್ಡದ ಚೂರು. ಕಲ್ಲಾದರೂ ಸವೆಯಬೇಕು. ಭಾವನ ಕೈ ಕೆಂಪಾಯಿತು, ಬಿರಿಯಿತು, ನೀರೊಡೆಯಿತು. ಚರ್ಮದ ಡಾಕ್ಟರು ಮುಲಾಮು ಕೊಟ್ಟರು. ಅಕ್ಕ ಬಿಡದೆ ಹಚ್ಚಿದಳು. ಭಾವನೂ ಅಷ್ಟು ದಿನ ಅಪ್ಪನ ಪದ್ಧತಿ ಬಿಟ್ಟು, ಮುಖ ಹುಳ್ಳಗೆ ಮಾಡಿಕೊಂಡು ಕಾಗದಕ್ಕೆ ಒರೆಸಿದರು. ಗಾಯ ಮಾಯಿತು. ಹೊಸ ಚರ್ಮ ಬಂತು, ಮಗುವಿನ ಕೆನ್ನೆಯ ಹಾಗೆ ನುಣ್ಣಗೆ. ನಾವೆಲ್ಲ ನಿಟ್ಟುಸಿರು ಬಿಟ್ಟೆವು.

ತುರಿಕೆ ಮಾತ್ರ ಹೋಗಲಿಲ್ಲ.

ನುಣ್ಣನೆಯ ಆ ಕೈಯಲ್ಲಿ ಏನೂ ಇರಲಿಲ್ಲ. ಗುಳ್ಳೆ ಇಲ್ಲ, ಕಲೆ ಇಲ್ಲ. ಆದರೂ ಭಾವನಿಗೆ ಒಳಗಿನಿಂದ ಇರುವೆ ಹರಿದ ಹಾಗೆ. ಅಂಗಿಯ ತೋಳು ಸೋಕಿದರೆ ಸಾಕು, ಮುಖ ಕಿವುಚುತ್ತಿದ್ದರು. ಒಬ್ಬ ಗಿರಾಕಿ ಎದ್ದು ಇನ್ನೊಬ್ಬ ಕೂರುವ ಸಂದಿನಲ್ಲಿ ಬಾಚಣಿಗೆಯ ಹಲ್ಲಿನಿಂದ ಕೆರೆದುಕೊಳ್ಳುತ್ತಿದ್ದರು. ಆ ಸಂದಿನಲ್ಲಿ ಮಾತ್ರ ಎಂಬುದನ್ನು ಗಮನಿಸಿ. ಕೈಯಲ್ಲಿ ಕತ್ತಿ ಇದ್ದಾಗ ಅವರು ಕೆರೆದುಕೊಂಡದ್ದನ್ನು ನಾನು ನೋಡಿಲ್ಲ. ಎದುರಿಗೆ ಒಬ್ಬರ ಕುತ್ತಿಗೆ ಇದೆ ಎಂದರೆ ಎಡಗೈ ಉರಿದುಹೋದರೂ ಬಲಗೈ ಅಲುಗುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಗಡ್ಡ ಮುಗಿಸಿ, ಟವೆಲ್ ಒತ್ತಿ, ಕತ್ತಿ ಮಡಚಿಟ್ಟು, ಆಮೇಲೆ ಬಾಚಣಿಗೆ ತೆಗೆದುಕೊಳ್ಳುತ್ತಿದ್ದರು. ಅವರ ಕತ್ತಿಯಿಂದ ಒಬ್ಬರಿಗೂ ಒಂದು ಗೀರು ಬಿದ್ದದ್ದಿಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಗಂಟಲು ಹರಿಯುವಂತೆ ಹೇಳುತ್ತೇನೆ. ಹೇಳಿಯೂ ಇದ್ದೇನೆ, ಏನೂ ಪ್ರಯೋಜನವಾಗಲಿಲ್ಲ.

ಆ ದರಿದ್ರ ಕನ್ನಡಿ ಇತ್ತಲ್ಲ. ಕೆರೆದುಕೊಳ್ಳುವವರನ್ನು ನೋಡಿದರೆ ನೋಡಿದವರಿಗೂ ತುರಿಕೆ ಹತ್ತುತ್ತದೆ, ಆಕಳಿಕೆಯ ಹಾಗೆ. ಇದನ್ನು ಓದುತ್ತಾ ನೀವೂ ಎಲ್ಲಾದರೂ ಕೆರೆದುಕೊಂಡಿರಬಹುದು, ನನ್ನನ್ನು ಬೈಯಬೇಡಿ. ಬೆಂಚಿನ ಮೇಲೆ ಕೂತವರು ಕನ್ನಡಿಯಲ್ಲಿ ಭಾವನನ್ನು ನೋಡುವುದು, ಕುತ್ತಿಗೆ ಕೆರೆದುಕೊಳ್ಳುವುದು, ಪಕ್ಕದವನು ತೊಡೆ ಕೆರೆದುಕೊಳ್ಳುವುದು. ಅವರಲ್ಲೇ ಒಬ್ಬ ಬುದ್ಧಿವಂತ ಹೊರಗೆ ಬಂದು ನನ್ನ ಮೇಜಿನ ಮುಂದೆಯೇ ಇನ್ನೊಬ್ಬನ ಕಿವಿ ಕಚ್ಚಿದ: "ಕಜ್ಜಿ ಕಣೋ. ನನಗೂ ಅಂಟ್ಕೊಂಡಿದೆ ನೋಡು." ಅಷ್ಟೇ ಸಾಕಾಯಿತು. ಆ ವಾರದಿಂದ ಮೊದಲನೇ ಕುರ್ಚಿ ಖಾಲಿ ಇದ್ದರೂ ಜನ ಎರಡನೇ ಕುರ್ಚಿಗಾಗಿ ಬೆಂಚಿನ ಮೇಲೆ ಕಾಯತೊಡಗಿದರು.

ಒಬ್ಬರು ಮಾತ್ರ ಬದಲಾಗಲಿಲ್ಲ. ಲೆಕ್ಕದ ಮೇಷ್ಟ್ರು. ಈಗ ನಿವೃತ್ತರು, ಅಣ್ಣತಮ್ಮ ಇಬ್ಬರಿಗೂ ಕಿವಿ ಹಿಂಡಿ ಮಗ್ಗಿ ಕಲಿಸಿದವರು. "ಕಜ್ಜಿ ಆದ್ರೆ ಆಗ್ಲಿ ಬಿಡಯ್ಯ, ಈ ವಯಸ್ಸಲ್ಲಿ ನನ್ನನ್ನ ಯಾರು ಮುಟ್ಟಿ ನೋಡ್ಬೇಕಾಗಿದೆ?" ಎಂದು ಬಂದವರೇ ಮೊದಲನೇ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲುತ್ತಿದ್ದರು. ಭಾವ ಆ ಮುಖಕ್ಕೆ ನೊರೆ ಹಚ್ಚುವ ಚಂದವೇ ಬೇರೆ ಇತ್ತು.

ಇನ್ನು ಮನೆಯವರ ಕಾಳಜಿ. ದೇವರೇ, ಆ ಕಾಳಜಿ! ಭಾವ ಕೈ ಎತ್ತುವ ಮೊದಲೇ ಅಕ್ಕ, "ರೀ, ಕೆರೀಬೇಡಿ" ಎನ್ನುವಳು. ಅಲ್ಲಿಯವರೆಗೆ ತುರಿಕೆ ಮರೆತು ಕೂತಿದ್ದ ಮನುಷ್ಯನಿಗೆ ತಕ್ಷಣ ನೆನಪಾಗುವುದು. ಮಲಗುವಾಗ ಕೈಗೆ ಕಾಲುಚೀಲ ಕಟ್ಟಿದಳು. ಅವಳ ಪ್ರೀತಿಯೇ ಹಾಗೆ, ಉಸಿರು ಕಟ್ಟಿಸುತ್ತದೆ. ಚರ್ಮದ ಡಾಕ್ಟರು ಎರಡನೇ ಸಲ ಕೈ ನೋಡಿ, "ಏನೂ ಇಲ್ವಲ್ರೀ, ಅದರ ಬಗ್ಗೆ ಯೋಚ್ನೆ ಬಿಡಿ" ಎಂದು ಕಳಿಸಿದರು. ಇರುವೆ ಹರಿಯುತ್ತಿರುವವನಿಗೆ ಯೋಚನೆ ಬಿಡು ಎಂದರೆ ಏನು ಮಾಡಬೇಕು? ಅಂದಿನಿಂದ ಮನೆಯಲ್ಲೂ ಬೀದಿಯಲ್ಲೂ "ಎಲ್ಲಾ ಮನಸ್ಸಿಂದು" ಎಂಬ ಮಾತು ಶುರುವಾಯಿತು. ಕಜ್ಜಿ ಎನ್ನುವವರು ಅರ್ಧ, ಮನಸ್ಸಿನದು ಎನ್ನುವವರು ಅರ್ಧ. ಭಾವನ ಪಾಲಿಗೆ ಎರಡೂ ಒಂದೇ ಏಟು.

ಎಲ್ಲರಿಗಿಂತ ಹೆಚ್ಚು ಕಾಳಜಿ ತಮ್ಮನದು. ಅವನು ಕೆಟ್ಟವನಲ್ಲ, ಅದೇ ನನ್ನ ಸಂಕಟ. ಕೆಟ್ಟವನಾಗಿದ್ದರೆ ಎರಡು ಬೈದು ಹಗುರಾಗುತ್ತಿದ್ದೆ. "ಅಣ್ಣ, ಉದ್ದ ತೋಳಿನ ಅಂಗಿ ಹಾಕ್ಕೋ." "ಅಣ್ಣ, ಕೆರ್ಕೊಳ್ಳೋದಾದ್ರೆ ಪರದೆ ಹಿಂದೆ ಹೋಗು." "ಅಣ್ಣ, ಎರಡು ದಿನ ರೆಸ್ಟ್ ತಗೋ, ನಾನಿಲ್ವಾ?" ಬೆಣ್ಣೆಯಂಥ ಮಾತು, ಹೇಳಿದ್ದೆಲ್ಲ ನಿಜವಾದ ಪ್ರೀತಿಯಿಂದಲೇ. ಆದರೆ ಒಂದೊಂದು ಮಾತಿಗೂ ಭಾವ ಕುರ್ಚಿಯಿಂದ ಒಂದೊಂದು ಹೆಜ್ಜೆ ಹಿಂದೆ ಸರಿದರು.

ಕೊನೆಗೆ ಒಂದು ಮಧ್ಯಾಹ್ನ, ಅಂಗಡಿ ಖಾಲಿ ಇದ್ದಾಗ, ಅವನು ಹೇಳಬೇಕಾದ್ದನ್ನು ಹೇಳಿದ. "ಅಣ್ಣ, ಜನ ಒಳಗೇ ಬರ್ತಿಲ್ಲ. ಇದು ಅಂಟೋದಲ್ಲ ಅಂತ ದೊಡ್ಡ ಡಾಕ್ಟರೊಬ್ರ ಬಾಯಲ್ಲಿ ಹೇಳಿಸ್ಕೊಂಡು ಬಾ. ನಾನೇ ಬಂದವರಿಗೆಲ್ಲ ಸಾರಿ ಹೇಳ್ತೀನಿ, ಕುರ್ಚಿ ನಿಂದೇ. ಇಲ್ಲಾಂದ್ರೆ ನೀನು ಬೆಂಚ್ ಮೇಲೆ ಕೂತು ಟವೆಲ್ ನೋಡ್ಕೋ. ನಾನು ಬೇರೆ ಯಾರನ್ನಾದ್ರೂ ಇಟ್ಕೋತೀನಿ."

ಭಾವ ಕುರ್ಚಿಯ ಹಿಡಿ ಸವರುತ್ತಾ, "ಆಯ್ತು ಕಣೋ" ಎಂದರಷ್ಟೇ. ಅಪ್ಪ ಕೂತು ಕೂತು ಅಲ್ಲ, ನಿಂತು ನಿಂತು ಕಾಪಾಡಿದ ಕುರ್ಚಿ ಅದು. ಅವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇರೆ ಹೆಮ್ಮೆಯೂ ಇರಲಿಲ್ಲ.

ಮೇಜಿನ ಮೇಲೆ ಬಟ್ಟೆ ಮುಚ್ಚಿ ನಾನೂ ಜೊತೆಗೆ ಹೋದೆ. ದೊಡ್ಡ ಆಸ್ಪತ್ರೆ, ಉದ್ದನೆಯ ಸಾಲು, ಫಿನಾಯಿಲಿನ ವಾಸನೆ. ಡಾಕ್ಟರಮ್ಮ ಕನ್ನಡಕ ಹಣೆಗೇರಿಸಿ ಭಾವನ ಕೈ ನೋಡಿದರು. ಹತ್ತಿಯ ಎಳೆಯಿಂದ ಸವರಿದರು. ಭಾವ ಬೆಚ್ಚಿದರು. ಡಾಕ್ಟರಮ್ಮ ನಗಲಿಲ್ಲ, ಬೈಯಲಿಲ್ಲ, ಕೆರೀಬೇಡಿ ಎನ್ನಲಿಲ್ಲ. ಅಷ್ಟಕ್ಕೇ ನನಗೆ ಅವರ ಮೇಲೆ ಗೌರವ ಬಂತು.

"ಚರ್ಮ ಚೆನ್ನಾಗಿದೆ," ಎಂದರು. "ತೊಂದ್ರೆ ಅಲ್ಲಿಲ್ಲ. ಕೈಯಿಂದ ತುರಿಕೆ ಸುದ್ದಿ ಹೊತ್ಕೊಂಡು ಹೋಗೋ ನರ ಬೆನ್ನುಹುರಿಗೆ ಸೇರತ್ತೆ. ಅಲ್ಲಿ ನರಗಳಷ್ಟೇ ಇರಲ್ಲ. ನರಗಳನ್ನ ನೋಡ್ಕೊಳ್ಳೋಕೆ ಅಂತಾನೇ ಬೇರೆ ಜೀವಕೋಶಗಳಿರ್ತವೆ. ಕೆಲವು ನಕ್ಷತ್ರದ ಆಕಾರದಲ್ಲಿರ್ತವೆ. ನರಕ್ಕೆ ಊಟ ಕೊಡೋದು, ಕಸ ತೆಗೆಯೋದು, ಸುತ್ತಮುತ್ತ ಗಲಾಟೆ ಆಗದ ಹಾಗೆ ನೋಡ್ಕೊಳ್ಳೋದು, ಇದೇ ಅವುಗಳ ಕೆಲಸ. ನಿಮ್ಮ ಚರ್ಮ ತುಂಬಾ ದಿನ ಕೆಟ್ಟಿತ್ತಲ್ಲ, ನೀವೂ ಕೆರೀತಾ ಇದ್ರಲ್ಲ, ಆ ಗಲಾಟೆಗೆ ಅವು ಎದ್ದು ಕೂತಿರ್ತವೆ. ಎದ್ದಾಗ ಒಂಥರಾ ರಾಸಾಯನಿಕ ಬಿಡ್ತವೆ. ಅದರಿಂದ ತುರಿಕೆಯ ನರ ಸಣ್ಣ ಸುದ್ದಿನೂ ದೊಡ್ಡದು ಮಾಡಿ ಕೂಗತ್ತೆ."

"ಚರ್ಮ ವಾಸಿ ಆಗಿ ಎಷ್ಟೋ ದಿನ ಆಯ್ತಲ್ಲಮ್ಮ?" ಭಾವ ಕೇಳಿದರು.

"ಚರ್ಮ ವಾಸಿ ಆಯ್ತು ಅಂತ ಅವಕ್ಕೆ ಗೊತ್ತಾಗಿಲ್ಲ ಅಂತಿಟ್ಕೊಳ್ಳಿ. ಇನ್ನೂ ಮಲಗಿಲ್ಲ. ಇದನ್ನೆಲ್ಲ ಹೆಚ್ಚಾಗಿ ಇಲಿಗಳಲ್ಲಿ ನೋಡಿದಾರೆ. ಮನುಷ್ಯರಲ್ಲೂ ಹೀಗೇ ಇರಬಹುದು ಅಂತ ನಮ್ಮ ಅಂದಾಜು."

ಭಾವ, "ಅಂದ್ರೆ ನೋಡ್ಕೊಳ್ಳೋಕೆ ಇರೋರೇ ನಿದ್ದೆ ಕೆಡಿಸ್ತಿದಾರೆ" ಎಂದರು.

"ಕೆಟ್ಟದ್ದು ಮಾಡ್ಬೇಕು ಅಂತ ಮಾಡಲ್ಲ ಅವು."

"ಗೊತ್ತಮ್ಮ. ನಮ್ಮನೇಲೂ ಹಂಗೇ."

ಡಾಕ್ಟರಮ್ಮನಿಗೆ ಅರ್ಥವಾಯಿತೋ ಇಲ್ಲವೋ, ನನಗಂತೂ ಆಯಿತು. ಆ ಕೋಶಗಳನ್ನೇ ಮಲಗಿಸುವ ಔಷಧಿ ಇನ್ನೂ ಬಂದಿಲ್ಲವಂತೆ. ನರವನ್ನು ಸ್ವಲ್ಪ ಸುಮ್ಮನಾಗಿಸುವ ಮಾತ್ರೆ ಇದೆ, ಕೆಲಸ ಮುಗಿಸಿದ ಮೇಲೆ ತಗೊಳ್ಳಿ, ತೂಕಡಿಕೆ ಬರುತ್ತದೆ ಎಂದರು. "ಇದು ಮನಸ್ಸಿಂದಲ್ಲ. ಇನ್ನೊಬ್ರಿಗೆ ಖಂಡಿತ ಅಂಟಲ್ಲ. ಕೈ ಹಿಡಿತಕ್ಕೂ ಏನೂ ಆಗಲ್ಲ, ಕೆಡೋದು ತುರಿಕೆಯ ದಾರಿ ಮಾತ್ರ." ಇಷ್ಟನ್ನೂ ನನ್ನೆರಡು ಕಿವಿಯಿಂದ ಕೇಳಿದ್ದೇನೆ.

ವಾಪಸು ಬರುವಾಗ ಬಸ್ಸಿನಲ್ಲಿ ಭಾವ ನಕ್ಕರು. ಎಷ್ಟು ಕಾಲವಾಗಿತ್ತು! "ಏನೋ ಬಾಮೈದ, ನನ್ನ ಬೆನ್ನೊಳಗೆ ನಕ್ಷತ್ರ ಇದಾವಂತೆ ಕಣೋ. ನಿಮ್ಮಕ್ಕನಿಗೆ ಹೇಳ್ಬೇಕು, ಅವಳು ನನ್ನನ್ನ ಬರೀ ಕ್ಷೌರದವನು ಅಂದ್ಕೊಂಡಿದಾಳೆ." ಕಿಟಕಿಯ ಪಕ್ಕ ಕೂತು ಎಡಗೈಯನ್ನು ಮೆಲ್ಲಗೆ ತಟ್ಟುತ್ತಿದ್ದರು, ಅಳುವ ಮಗುವನ್ನು ತಟ್ಟುವ ಹಾಗೆ. ಹುಚ್ಚಲ್ಲ, ಕೊಳಕಲ್ಲ, ಕಾರಣ ಇದೆ. ಆ ಕಾರಣವೊಂದೇ ಸಾಕಿತ್ತು ಅವರಿಗೆ. ಔಷಧಿ ಇಲ್ಲ ಎಂಬುದೂ ಮರೆತುಹೋಗಿತ್ತು.

ಭಾನುವಾರ ಬಂತು. ಬೆಂಚು ಭರ್ತಿ, ಬಾಗಿಲಲ್ಲಿ ನಾಲ್ಕು ಜನ ನಿಂತಿದ್ದರು. ಮೊದಲನೇ ಕುರ್ಚಿಯಲ್ಲಿ ಮೇಷ್ಟ್ರು, ಮುಖದ ತುಂಬ ನೊರೆ. ಭಾವ ಚರ್ಮದ ಪಟ್ಟಿಗೆ ಕತ್ತಿ ಮಸೆಯುತ್ತಿದ್ದರು. ತಮ್ಮ ಕೊಟ್ಟ ಮಾತಿನಂತೆ ಎಲ್ಲರಿಗೂ ಕೇಳುವ ಹಾಗೆ ಕೇಳಿದ: "ಏನಂದ್ರು ಅಣ್ಣ ಡಾಕ್ಟರು?"

"ಅಂಟೋದಲ್ಲ ಅಂದ್ರು." ಇಷ್ಟು ಹೇಳಿ ಭಾವ ಸುಮ್ಮನಾಗಿದ್ದರೆ ಮುಗಿದಿತ್ತು. ಆದರೆ ಕ್ಷೌರದಂಗಡಿಯಲ್ಲಿ ಬೆಳೆದ ಮನುಷ್ಯ, ಅರ್ಧ ಸುದ್ದಿ ಹೇಳಿ ನಿಲ್ಲಿಸುವುದು ಅವರ ಜಾಯಮಾನದಲ್ಲೇ ಇಲ್ಲ. ಜೊತೆಗೆ ಖುಷಿ ಬೇರೆ. ಬೆಂಚಿನ ಕಡೆ ತಿರುಗಿ, ಕತ್ತಿಯನ್ನೇ ಕೋಲು ಮಾಡಿಕೊಂಡು ಪಾಠ ಶುರು ಮಾಡಿದರು. "ಅಂಟೋದಲ್ವೇ ಅಲ್ಲ! ಇದು ಚರ್ಮದ್ದೇ ಅಲ್ಲ ಕಣ್ರೋ. ನರದ್ದು. ಬೆನ್ನುಹುರೀಲಿ ನರ ನೋಡ್ಕೊಳ್ಳೋ ಕೋಶ ಇದಾವಂತೆ, ನಕ್ಷತ್ರದ ಥರ..."

"ನರದ್ದಾ?" ಎಂದ ತಮ್ಮ.

ಅವನ ಮುಖದಲ್ಲಿದ್ದದ್ದು ಕುಹಕವಲ್ಲ, ಗಾಬರಿ. "ಅಣ್ಣ, ನರದ ಕಾಯಿಲೆನಾ? ನರದ ಕಾಯಿಲೆ ಇಟ್ಕೊಂಡು ಕತ್ತಿ ಹಿಡೀತಿದೀಯಾ?"

"ಕೈಗೇನೂ ಆಗಲ್ಲ ಅಂದ್ರು ಕಣೋ, ತುರಿಕೆಯ ದಾರಿ ಮಾತ್ರ..."

ಯಾರು ಕೇಳುತ್ತಾರೆ? ಕುರ್ಚಿಯಲ್ಲಿದ್ದ ಮೇಷ್ಟ್ರು ಮೈಮೇಲೆ ಹೊದಿಸಿದ್ದ ಬಟ್ಟೆಯೊಳಗಿಂದ ಮೆಲ್ಲಗೆ ಕೈ ಹೊರಗೆ ತೆಗೆದು ಗಂಟಲು ಮುಟ್ಟಿಕೊಂಡರು. ಕಜ್ಜಿಗೂ ಹೆದರದಿದ್ದ ಮನುಷ್ಯ. ನೊರೆ ಮೆತ್ತಿದ ಮುಖದಲ್ಲೇ ಎದ್ದು, ಯಾರ ಮುಖವನ್ನೂ ನೋಡದೆ, "ನೀನು ಸುಧಾರಿಸ್ಕೋ ಮಗು, ಇವತ್ತೊಂದು ದಿನ ನಿನ್ನ ತಮ್ಮ ಮಾಡ್ಲಿ" ಎಂದು ಎರಡನೇ ಕುರ್ಚಿಗೆ ಹೋಗಿ ಕೂತರು.

ನಾನು ಒಳಗೆ ನುಗ್ಗಿದೆ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಕೂಗಿ ಹೇಳಿದೆ. ಇಷ್ಟು ವರ್ಷದಲ್ಲಿ ಯಾರಿಗೆ ಗೀರು ಬಿದ್ದಿದೆ, ಎದ್ದು ನಿಲ್ಲಿ ಎಂದು ಸವಾಲು ಹಾಕಿದೆ. ಯಾರೂ ನಿಲ್ಲಲಿಲ್ಲ, ಯಾರೂ ಮೊದಲನೇ ಕುರ್ಚಿಗೆ ಬರಲೂ ಇಲ್ಲ. "ಬೀಗದಣ್ಣ, ಪ್ರೀತಿ ಬೇರೆ, ಕುತ್ತಿಗೆ ಬೇರೆ," ಎಂದನೊಬ್ಬ. ಬೆಂಚಿನವರು ನಕ್ಕರು. ಭಾವ ಕತ್ತಿ ಮಡಚಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟರು. ಅಲ್ಲಿಗೆ ಮುಗಿಯಿತು. ಕಜ್ಜಿ ಎನ್ನುವ ಸುಳ್ಳು ಅವರ ಗಿರಾಕಿಗಳನ್ನು ಕಿತ್ತುಕೊಂಡಿತ್ತು. ಕುರ್ಚಿಯನ್ನು ಕಿತ್ತುಕೊಂಡಿದ್ದು ಅವರೇ ಖುಷಿಯಿಂದ ಹೊತ್ತು ತಂದ ನಿಜ.

ತಮ್ಮ ಮೊದಲನೇ ಕುರ್ಚಿಗೆ ಬಂದ. ಎರಡನೆಯದಕ್ಕೆ ಬೇರೆ ಊರಿನಿಂದ ಒಬ್ಬನನ್ನು ತಂದ. ಭಾವ ಬೆಂಚಿನ ತುದಿಯಲ್ಲಿ ಕೂತು ಟವೆಲ್ ಮಡಚತೊಡಗಿದರು. ಮಾತ್ರೆ ತುರಿಕೆಯನ್ನು ಸ್ವಲ್ಪ ಇಳಿಸಿತು, ಮನುಷ್ಯನನ್ನು ಇನ್ನೂ ಸ್ವಲ್ಪ ಇಳಿಸಿತು. ಕತ್ತಿ ಹಿಡಿಯುವುದಿಲ್ಲವಲ್ಲ ಎಂದು ಹಗಲಲ್ಲೂ ನುಂಗಿ ಕೂತಲ್ಲೇ ತೂಕಡಿಸುತ್ತಿದ್ದರು. ತೂಕಡಿಸುವುದನ್ನು ಕಂಡು ಜನ, "ಹೇಳ್ಲಿಲ್ವಾ, ನರದ್ದು" ಎಂದು ತಲೆಯಾಡಿಸಿದರು. ಮೇಷ್ಟ್ರು ಬಂದಾಗಲೆಲ್ಲ ಅವರ ಭುಜ ತಟ್ಟಿ, ಆರೋಗ್ಯ ವಿಚಾರಿಸಿ, ತಮ್ಮನ ಕುರ್ಚಿಯಲ್ಲಿ ಕೂರುತ್ತಿದ್ದರು. ಭಾವ ಅವರಿಗೆ ಬಿಸಿ ಟವೆಲ್ ಎತ್ತಿಕೊಡುತ್ತಿದ್ದರು. ನಾನಾಗಿದ್ದರೆ ಮುಖಕ್ಕೆ ಎಸೆಯುತ್ತಿದ್ದೆ.

ಗಡ್ಡ ಬೆಳೆಯಿತು ಭಾವನಿಗೆ. ಬೇಕೆಂದೇ ಬಿಟ್ಟದ್ದಲ್ಲ, ಕತ್ತಿ ಮುಟ್ಟುವ ಮನಸ್ಸಾಗುತ್ತಿರಲಿಲ್ಲ ಅಷ್ಟೆ. ಅಕ್ಕ ಹೇಳಿ ಹೇಳಿ ಸೋತಳು. ಕೊನೆಗೆ ತಮ್ಮನೇ, "ಅಣ್ಣ, ಸಲೂನಲ್ಲಿ ಗಡ್ಡ ಬಿಟ್ಕೊಂಡು ಕೂತ್ರೆ ಬಂದವರು ಏನಂದ್ಕೋತಾರೆ? ಬಾ, ನಾನು ಮಾಡ್ತೀನಿ" ಎಂದು ಕೈ ಹಿಡಿದು ಎಬ್ಬಿಸಿ ಮೊದಲನೇ ಕುರ್ಚಿಯಲ್ಲಿ ಕೂರಿಸಿದ. ತಮ್ಮದೇ ಕುರ್ಚಿಯಲ್ಲಿ ಗಿರಾಕಿಯಾಗಿ ಭಾವ ಕೂತದ್ದು ಅದೇ ಮೊದಲು. ನಾನು ಬಾಗಿಲಲ್ಲಿ ನಿಂತಿದ್ದೆ.

ತಮ್ಮನ ಕೈಯೂ ಒಳ್ಳೆಯ ಕೈ, ಸುಳ್ಳೇಕೆ ಹೇಳಲಿ. ಒಂದು ಗೀಟು, ಕೈಗೆ ಒರೆಸುವುದು, ಮತ್ತೊಂದು ಗೀಟು. ಭಾವ ಕಣ್ಣು ಮುಚ್ಚಿರಲಿಲ್ಲ, ಕನ್ನಡಿಯನ್ನೇ ನೋಡುತ್ತಿದ್ದರು. ನೊರೆ ಜಾರಿದಾಗ ತಮ್ಮನ ಎಡಗೈ ಕಂಡಿತು. ಮೊಣಕೈ ಕೆಳಗೆ ಕೆಂಪಾಗಿತ್ತು, ಅಲ್ಲಲ್ಲಿ ಬಿರಿದಿತ್ತು. ಕತ್ತಿಯನ್ನು ಅಣ್ಣನ ಕೆನ್ನೆಯಿಂದ ಎತ್ತಿ, ಅವನು ಆ ಕೈಯನ್ನು ತನ್ನ ಸೊಂಟಕ್ಕೆ ಒಮ್ಮೆ ತಿಕ್ಕಿಕೊಂಡ.

"ಯಾವಾಗಿಂದ ಕಣೋ?" ಭಾವ ಕೇಳಿದರು.

"ಏನು?"

"ಕೈ."

"ಏನಿಲ್ಲ. ಸೋಪಿಂದು." ಅವನು ಬೆಂಚಿನ ಕಡೆ ಕಳ್ಳನೋಟ ಬೀರಿದ.

"ಕಾಗದಕ್ಕೆ ಒರೆಸೋ."

"ಅಪ್ಪ ಕಾಗದಕ್ಕೆ ಒರೆಸ್ತಿದ್ರಾ? ಸುಮ್ನೆ ಕೂತ್ಕೋ ಅಣ್ಣ, ಅಲುಗ್ಬೇಡ."

ಭಾವ ಅಲುಗಲಿಲ್ಲ. ಹೊದಿಸಿದ್ದ ಬಟ್ಟೆಯ ಕೆಳಗಿನಿಂದ ಎಡಗೈಯನ್ನು ಹೊರಗೆ ತೆಗೆದರು. ಅಂಗಿಯ ಉದ್ದ ತೋಳನ್ನು ಬಲಗೈಯಿಂದ ಮೇಲಕ್ಕೆ ಸರಿಸಿ, ಆ ನುಣ್ಣನೆಯ ಕೈಯನ್ನು ಕುರ್ಚಿಯ ಹಿಡಿಯ ಮೇಲೆ ಅಂಗಾತ ಚಾಚಿದರು.

"ಇಲ್ಲಿ ಒರೆಸು," ಎಂದರು ಮೆಲ್ಲಗೆ. "ನಿಂದು ಇನ್ನೂ ಚರ್ಮದ ಮೇಲೇ ಇದೆ, ಒಳಗೆ ಹೋಗಿಲ್ಲ. ನಂದು ಹೆಂಗೂ ಹೋಗಿದ್ದಾಯ್ತು."

ಹತ್ತಿಯ ಎಳೆ ಸೋಕಿದರೆ ಬೆಚ್ಚುತ್ತಿದ್ದ ಕೈ ಅದು. ತಮ್ಮ ಬೇಡ ಎನ್ನುತ್ತಾನೆ ಎಂದುಕೊಂಡೆ. ಕತ್ತಿ ಕೆಳಗಿಟ್ಟು ಅಣ್ಣನ ಕೈ ಹಿಡಿದುಕೊಳ್ಳುತ್ತಾನೆ, ಕನಿಷ್ಠ ನಾಚಿಕೆಯಿಂದಾದರೂ ಒಂದು ಕಾಗದದ ಚೂರು ಹುಡುಕುತ್ತಾನೆ ಎಂದುಕೊಂಡೆ. ಅವನು ಒಂದು ಗಳಿಗೆ ನಿಂತ. ಬೆಂಚಿನವರೆಲ್ಲ ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದರು.

ಆಮೇಲೆ ಒರೆಸಿದ. ಗಲ್ಲದ ಕೆಳಗೆ ಒಂದು ಗೀಟು ಎಳೆದು ಅಣ್ಣನ ಕೈಗೆ ಒರೆಸಿದ, ಗಂಟಲ ಮೇಲೆ ಒಂದು ಗೀಟು ಎಳೆದು ಮತ್ತೆ ಅಲ್ಲಿಗೇ ಒರೆಸಿದ. ಭಾವನ ದವಡೆ ಬಿಗಿಯಿತು, ಕಣ್ಣಲ್ಲಿ ನೀರು ಬಂತು. ಕೈ ಅಲುಗಲಿಲ್ಲ. ಕತ್ತಿ ಯಾರದೇ ಗಂಟಲ ಮೇಲಿರಲಿ, ಅದನ್ನು ಮಡಚುವವರೆಗೆ ಕೆರೆದುಕೊಳ್ಳಬಾರದು ಎಂಬುದು ಅವರ ಲೆಕ್ಕ.

ಗಡ್ಡ ಮುಗಿಯಿತು. ತಮ್ಮ ಬಟ್ಟೆ ಕೊಡವಿದ. ಮೊಣಕೈವರೆಗೆ ನೊರೆ ಮೆತ್ತಿದ ಕೈಯನ್ನು ಎದೆಗೆ ಹಿಡಿದುಕೊಂಡು ಭಾವ ಎದ್ದು, ಬೆಂಚಿನ ತುದಿಗೆ ಹೋಗಿ ಕೂತರು.

"ಮುಂದಿನವರು ಬನ್ನಿ," ಎಂದ ತಮ್ಮ.